ಕೋಡ್ ಸಿಕ್ಕಿತು, ಚಿತ್ರ ಬರೆಯುವವರು ಯಾರು?

'0 ಎ.ಡಿ.' ಎಂಬ ವಿಡಿಯೊ ಗೇಮ್‌ನ ಕೆಲಸ ಶುರುವಾದದ್ದು 2001ರಲ್ಲಿ. ರೋಮನ್ನರು, ಗ್ರೀಕರು, ಕಾರ್ಥೇಜಿನವರು, ನಮ್ಮ ಮೌರ್ಯರು ಊರು ಕಟ್ಟಿ, ಸೈನ್ಯ ಕೂಡಿಸಿ ಕಾದಾಡುವ ಆಟ ಅದು. ಮೌರ್ಯರ ಪಾಳೆಯದಲ್ಲಿ ಚಂದ್ರಗುಪ್ತ, ಅಶೋಕ, ಚಾಣಕ್ಯ ಮೂವರೂ ಇದ್ದಾರೆ. ಕಡಿದ ಮರ, ಒಡೆದ ಕಲ್ಲನ್ನು ಹೇರಿಸಿಕೊಳ್ಳಲು ಕೆಲಸಗಾರರ ಹಿಂದೆಯೇ ನಡೆದುಬರುವ ಆನೆಯಿದೆ. ಅಶೋಕನ ಸ್ತಂಭವನ್ನೂ ನಿಲ್ಲಿಸಬಹುದು. ಮಸ್ಕಿ, ಬ್ರಹ್ಮಗಿರಿಯ ಬಂಡೆಗಳ ಮೇಲೆ ಅಶೋಕನ ಶಾಸನ ಕಂಡಿರುವ ನಾಡಿನವರಿಗೆ ಇದನ್ನು ಆಡುವಾಗ ಆಗುವ ಖುಷಿಯೇ ಬೇರೆ. ಆಟ ಪೂರ್ತಿ ಉಚಿತ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 2025ರ ಜನವರಿಯಲ್ಲಿ ಅದರ 27ನೇ ಆವೃತ್ತಿ 'ಅಗ್ನಿ' ಎಂಬ ಹೆಸರಿನಲ್ಲಿ ಬಂತು. ಅದಕ್ಕೂ 'ಆಲ್ಫಾ' ಎಂಬ ಮುದ್ರೆಯೇ ಇತ್ತು. ಕೆಲಸ ಇನ್ನೂ ಮುಗಿದಿಲ್ಲವೆಂದು ಕಟ್ಟಿದವರೇ ಹೇಳಿದ ಹಾಗೆ.

ಇದೇ ಅವಧಿಯಲ್ಲಿ ಲಿನಕ್ಸ್ ಜಗತ್ತಿನ ಬಹುಪಾಲು ಸರ್ವರ್‌ಗಳನ್ನು ಆವರಿಸಿತು, ಆಂಡ್ರಾಯ್ಡ್ ಮೂಲಕ ಕೋಟ್ಯಂತರ ಜೇಬುಗಳಿಗೆ ಇಳಿಯಿತು. ಮುಕ್ತ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ತಯಾರಾದ ಲಾಟ್ವಿಯಾದ 'ಫ್ಲೋ' ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. ಮುಕ್ತ ತಂತ್ರಾಂಶದವರಿಗೆ ಎಲ್ಲ ಕಡೆ ಒಲಿದ ಜಯ ಆಟಗಳಲ್ಲಿ ಮಾತ್ರ ಯಾಕೆ ಇಷ್ಟು ನಿಧಾನ? ನನ್ನ ತಿಳಿವಳಿಕೆಯಲ್ಲಿ ಕಾರಣ ಇದು: ಈ ಕ್ಷೇತ್ರದಲ್ಲಿ ತೊಡಕು ಒಂದೇ ಜಾಗದಲ್ಲಿ ನಿಲ್ಲಲಿಲ್ಲ. ಮೊದಲು ಕೋಡ್ ಇರಲಿಲ್ಲ. ಕೋಡ್ ಸಿಕ್ಕಾಗ ಚಿತ್ರ, ಸಂಗೀತ ಇರಲಿಲ್ಲ. ಅವೂ ಒದಗಿದಾಗ ವರ್ಷಗಟ್ಟಲೆ ನಿಂತು ನೋಡಿಕೊಳ್ಳುವ ಜನ ಸಾಲದಾದರು.

ಆರಂಭದ ಮುಕ್ತ ಆಟಗಳಿಗೆ ಚಿತ್ರದ ಚಿಂತೆಯೇ ಇರಲಿಲ್ಲ. 1987ರಲ್ಲಿ ಬಂದ 'ನೆಟ್‌ಹ್ಯಾಕ್' ನೆಲಮಾಳಿಗೆಯಲ್ಲಿ ಅಲೆಯುವ ಆಟ. ಅದರ ಜಗತ್ತೆಲ್ಲ ಕೀಬೋರ್ಡಿನ ಅಕ್ಷರಗಳಿಂದಲೇ ಆದದ್ದು. ಆಟಗಾರ ಎಂದರೆ '@' ಚಿಹ್ನೆ, ನಾಯಿ ಎಂದರೆ ಇಂಗ್ಲಿಷಿನ 'ಡಿ' ಅಕ್ಷರ. ಕೋಡ್ ಬರೆಯಬಲ್ಲವನು ಆಟವನ್ನು ಇಡಿಯಾಗಿ ಕಟ್ಟಬಲ್ಲವನಾಗಿದ್ದ ಕಾಲ ಅದು. ಹಾಗಾಗಿಯೇ ನೆಟ್‌ಹ್ಯಾಕ್ ಇವತ್ತಿಗೂ ಬದುಕಿದೆ. ಆದರೆ 3.4.3 ಆವೃತ್ತಿ ಬಂದದ್ದು 2003ರಲ್ಲಿ, 3.6.0 ಬಂದದ್ದು 2015ರಲ್ಲಿ. ನಡುವೆ 12 ವರ್ಷ! 1995ರ ಕೊನೆಗೆ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಫ್ರೀಸಿವ್' ಶುರುಮಾಡಿ, ಕೆಲವೇ ವಾರಗಳಲ್ಲಿ ಆಡುವಂಥ ಆಟವನ್ನು ಹೊರತಂದರು. 'ಸಿವಿಲೈಸೇಷನ್' ಆಟದ ಮಾದರಿ ಅವರ ಮುಂದಿತ್ತು. ನಿಯಮಗಳನ್ನು ಹೊಸದಾಗಿ ಹೊಸೆಯುವ ಕಷ್ಟ ಇರಲಿಲ್ಲ.

ಆಮೇಲೆ ಬಂತು 'ಡೂಮ್' ಆಟದ ಕೋಡ್. ಇಡ್ ಸಾಫ್ಟ್‌ವೇರ್ ಕಂಪನಿ ಆ ಆಟವನ್ನು 1993ರಲ್ಲಿ ಬಿಡುಗಡೆ ಮಾಡಿ, 1997ರ ಡಿಸೆಂಬರಿನಲ್ಲಿ ಅದರ ಕೋಡನ್ನೇ ಜಗತ್ತಿಗೆ ಕೊಟ್ಟಿತು. ಮೊದಲ ಪರವಾನಗಿ ಲಾಭಕ್ಕೆ ಬಳಸುವಂತಿಲ್ಲ ಎನ್ನುತ್ತಿತ್ತು. 1999ರಲ್ಲಿ ಅದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ಬದಲಿಸಿದರು. ಹಂಚಿದ ಕೋಡಿನಲ್ಲಿ ಧ್ವನಿಯ ಭಾಗ ಮಾತ್ರ ಇರಲಿಲ್ಲ, ಯಾಕೆಂದರೆ ಅದು ಬೇರೆಯವರಿಂದ ತಂದು ಬಳಸಿದ್ದು, ಕಂಪನಿಯ ಸ್ವಂತದ್ದಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ರಾಕ್ಷಸರ ಚಿತ್ರಗಳು, ಗೋಡೆಯ ವಿನ್ಯಾಸಗಳು, ನಕ್ಷೆಗಳು ಎಲ್ಲವೂ ಕಂಪನಿಯ ಆಸ್ತಿಯಾಗಿಯೇ ಉಳಿದವು. ಕೋಡ್ ಇದ್ದರೂ ಪೂರ್ತಿ ಆಟ ಆಡಲು ಅಂಗಡಿಯಿಂದ ಕೊಂಡ ಡಿಸ್ಕ್ ಬೇಕಿತ್ತು. ಲಿನಕ್ಸ್ ವಿತರಣೆಯಾದ ಡೆಬಿಯನ್ ಇಂಥ ತಂತ್ರಾಂಶಗಳನ್ನು ತನ್ನ ಮುಖ್ಯ ಭಂಡಾರಕ್ಕೆ ಸೇರಿಸದೆ 'ಕಾಂಟ್ರಿಬ್' ಎಂಬ ಬೇರೆ ವಿಭಾಗದಲ್ಲಿ ಇಡುತ್ತದೆ. ತಾನು ಮುಕ್ತವಾಗಿದ್ದರೂ ಮುಕ್ತವಲ್ಲದ ಇನ್ನೊಂದನ್ನು ಅವಲಂಬಿಸಿದ್ದು ಎಂಬ ಕಾರಣಕ್ಕೆ. ಆ ಖಾಲಿ ಜಾಗ ತುಂಬಲೆಂದೇ 'ಫ್ರೀಡೂಮ್' ಹುಟ್ಟಿತು. ಡೂಮ್ ಎಂಜಿನ್ನಿಗೆ, ಅಂದರೆ ಆಟ ನಡೆಸುವ ಕೋಡಿಗೆ, ಬೇಕಾದ ಪ್ರತಿಯೊಂದು ಚಿತ್ರವನ್ನೂ ಸದ್ದನ್ನೂ ನಕ್ಷೆಯನ್ನೂ ಮತ್ತೆ ಮೊದಲಿನಿಂದ ಮಾಡುವ ಕೆಲಸ.

'ಓಪನ್‌ಟಿಟಿಡಿ'ಯ ಕಥೆಯೂ ಇಂಥದ್ದೇ. ಕ್ರಿಸ್ ಸಾಯರ್ ಅವರ 'ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್' ಆಟದ ಯಂತ್ರಭಾಷೆಯನ್ನು ಬಿಡಿಸಿ, ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗೇಯಸ್ ಅದನ್ನು ಸಿ ಭಾಷೆಗೆ ತಂದರು, 2004ರಲ್ಲಿ ಅದು ಹೊರಬಂತು. ಒಬ್ಬರೇ ಮಾಡಿದ ಆ ಕೆಲಸ ನಿಜಕ್ಕೂ ಅಸಾಧಾರಣ. ಆದರೆ ರೈಲು, ರಸ್ತೆ, ಕಾರ್ಖಾನೆ, ಮರಗಿಡಗಳ ಸಾವಿರಾರು ಪುಟ್ಟ ಚಿತ್ರಗಳನ್ನು ಹಕ್ಕಿನ ತಂಟೆಯಿಲ್ಲದಂತೆ ಹೊಸದಾಗಿ ಬಿಡಿಸಿ ಮುಗಿಸಲು ಅನೇಕ ಜನ ಬೇಕಾದರು, ವರ್ಷಗಳೂ ಬೇಕಾದವು. 2010ರ ಏಪ್ರಿಲ್ 1ಕ್ಕೆ 1.0 ಆವೃತ್ತಿ ಬರುವ ಹೊತ್ತಿಗೆ ಹಳೆಯ ಡಿಸ್ಕಿನ ಹಂಗಿಲ್ಲದೆ ಆಡುವಂತಾಗಿತ್ತು.

ಚಿತ್ರದ ಕೆಲಸ ಯಾಕೆ ಇಷ್ಟು ಭಾರ ಎಂಬುದನ್ನು 'ಬ್ಯಾಟಲ್ ಫಾರ್ ವೆಸ್ನಾತ್'ನಲ್ಲಿ ಹತ್ತಿರದಿಂದ ನೋಡಬಹುದು. ಡೇವಿಡ್ ವೈಟ್ 2003ರಲ್ಲಿ ಶುರುಮಾಡಿದ, ಆರು ಮೂಲೆಯ ಮನೆಗಳ ಮೇಲೆ ಸರದಿಯಂತೆ ಆಡುವ ಯುದ್ಧದಾಟ ಇದು. ಒಂದೊಂದು ಮನೆಯೂ 72 ಪಿಕ್ಸೆಲ್ ಅಗಲ, 72 ಪಿಕ್ಸೆಲ್ ಎತ್ತರದ ಚೌಕದೊಳಗೆ ಕೂರುತ್ತದೆ. ಅಷ್ಟು ಜಾಗದಲ್ಲಿ ಒಬ್ಬ ಕತ್ತಿಗಾರ ನಿಂತಿರುವ ಭಂಗಿ, ಕತ್ತಿ ಎತ್ತುವುದು, ಬೀಸುವುದು, ಪೆಟ್ಟು ತಪ್ಪಿಸಿಕೊಳ್ಳುವುದು, ಕುಸಿದು ಬೀಳುವುದು, ಎಲ್ಲಕ್ಕೂ ಬೇರೆಬೇರೆ ಚಿತ್ರ ಬೇಕು. ಅವನ ಅಂಗಿ, ಗುರಾಣಿಯ ಒಂದಿಷ್ಟು ಭಾಗವನ್ನು ಕಲಾವಿದ ಗೊತ್ತುಪಡಿಸಿದ ಮೆಜೆಂಟಾ ಛಾಯೆಗಳಲ್ಲಿ ಬಿಡಿಸಬೇಕು. ಆಟ ನಡೆಯುವಾಗ ಎಂಜಿನ್ ಆ ಮೆಜೆಂಟಾವನ್ನೇ ಗುರುತಿಸಿ ಒಬ್ಬ ಆಟಗಾರನಿಗೆ ಕೆಂಪು, ಇನ್ನೊಬ್ಬನಿಗೆ ನೀಲಿ ಹಚ್ಚುತ್ತದೆ. ಛಾಯೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಬಣ್ಣ ಬದಲಾಗದೆ ಗುಲಾಬಿ ಕಲೆ ಉಳಿದುಬಿಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಬೇರೆ ದೇಶದ ಇನ್ನೊಬ್ಬ ಕಲಾವಿದ ಬಿಡಿಸಿದ ಬಿಲ್ಲುಗಾರನ ಪಕ್ಕದಲ್ಲಿ ನಿಂತಾಗ ಇಬ್ಬರೂ ಒಂದೇ ಲೋಕದವರಂತೆ ಕಾಣಬೇಕು.

ಕೋಡಿನ ಸಹಕಾರಕ್ಕೂ ಕಲೆಯ ಸಹಕಾರಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಒಬ್ಬ ಅಪರಿಚಿತ ಕಳಿಸಿದ ಹತ್ತು ಸಾಲಿನ ತಿದ್ದುಪಡಿ ಸರಿಯೋ ತಪ್ಪೋ ಎಂದು ಪರೀಕ್ಷೆ ಮಾಡಿ ನೋಡಬಹುದು. ಚಿತ್ರಕ್ಕೆ ಅಂಥ ಪರೀಕ್ಷೆಯಿಲ್ಲ. ಹತ್ತು ಊರಿನ ಹತ್ತು ಭಾಗವತರು ಒಂದೊಂದು ಪದ್ಯ ತಮ್ಮತಮ್ಮ ಮಟ್ಟಿನಲ್ಲಿ ಹಾಡಿದರೆ ಪ್ರಸಂಗ ಕೂಡಿಬರುವುದು ಕಷ್ಟ. ಇದನ್ನು ಅರಿತೇ 2012ರಲ್ಲಿ ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಷನ್, ಓಪನ್‌ಗೇಮ್‌ಆರ್ಟ್ ಸೇರಿ 'ಲಿಬರೇಟೆಡ್ ಪಿಕ್ಸೆಲ್ ಕಪ್' ಸ್ಪರ್ಧೆ ನಡೆಸಿದವು. ಮೊದಲೇ ಒಂದು ಶೈಲಿಯ ಕೈಪಿಡಿ ಕೊಟ್ಟು, ಎಲ್ಲರೂ ಅದರಂತೆಯೇ ಬಿಡಿಸಲಿ ಎಂದರು. ನಂತರದ ಎಷ್ಟೋ ಪುಟ್ಟ ಆಟಗಳಲ್ಲಿ ಆ ಚಿತ್ರಗಳನ್ನು ಕಾಣಬಹುದು. ಈ ಕ್ಷೇತ್ರ ಕಂಡುಕೊಂಡ ಅತ್ಯಂತ ಬುದ್ಧಿವಂತಿಕೆಯ ಉಪಾಯಗಳಲ್ಲಿ ಇದೂ ಒಂದು ಎಂದು ನನ್ನ ಅಭಿಪ್ರಾಯ.

ಪರವಾನಗಿಯ ಗೋಜಲು ಬೇರೆ. ಕೋಡಿಗೆ ಜಿಪಿಎಲ್, ಚಿತ್ರಕ್ಕೆ ಕ್ರಿಯೇಟಿವ್ ಕಾಮನ್ಸ್ ಎಂದು ಹಂಚಿಕೊಂಡ ಯೋಜನೆಗಳು ಹಲವು, 0 ಎ.ಡಿ. ಕೂಡ ಹಾಗೆಯೇ. ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂಬ ವಾದ ಬಹಳ ಕಾಲ ನಡೆಯಿತು. ತನ್ನ ಬಿವೈ-ಎಸ್‌ಎ 4.0 ಪರವಾನಗಿಯ ಕೃತಿಯನ್ನು ಜಿಪಿಎಲ್ 3ರ ಅಡಿ ಬಳಸಬಹುದೆಂದು ಕ್ರಿಯೇಟಿವ್ ಕಾಮನ್ಸ್ ಅಧಿಕೃತವಾಗಿ ಹೇಳಿದ್ದು 2015ರಲ್ಲಿ. 'ವಾಣಿಜ್ಯಕ್ಕೆ ಬಳಸಬೇಡಿ' ಎಂಬ ಷರತ್ತಿನ ಚಿತ್ರ, ಸಂಗೀತವನ್ನು ಡೆಬಿಯನ್ ಮುಕ್ತವೆಂದು ಒಪ್ಪುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಹಾಡು ಕೊಟ್ಟ ಸಂಗೀತಗಾರನಿಗೆ ಆ ಒಂದು ಸಾಲಿನಿಂದ ಆಟವೇ ಭಂಡಾರದ ಹೊರಗೆ ಉಳಿಯಬಹುದೆಂದು ವಿವರಿಸುವುದು ಸುಲಭದ ಮಾತಲ್ಲ.

ಹಾಗೆಂದು ಕೋಡಿನ ಕಷ್ಟ ಮುಗಿದಿತ್ತು ಎನ್ನುವಂತಿಲ್ಲ. ಹಲವರು ಸೇರಿ ಆಡುವ ಆಟಗಳಲ್ಲಿ ಅದು ಇನ್ನಷ್ಟು ಬಿಗಿಯಾಯಿತು. 0 ಎ.ಡಿ.ಯಂಥ ಆಟದಲ್ಲಿ ನೂರಾರು ಸೈನಿಕರ ಜಾಗವನ್ನು ಕ್ಷಣಕ್ಷಣಕ್ಕೂ ಇಂಟರ್ನೆಟ್ಟಿನಲ್ಲಿ ಕಳಿಸುತ್ತ ಕೂರಲಾಗದು. ಆದ್ದರಿಂದ ಆಟಗಾರರ ಆಜ್ಞೆಗಳನ್ನಷ್ಟೇ ಕಳಿಸಿ, ಉಳಿದ ಲೆಕ್ಕವನ್ನು ಪ್ರತಿ ಕಂಪ್ಯೂಟರೂ ತಾನೇ ಮಾಡಿಕೊಳ್ಳುತ್ತದೆ. ಎಲ್ಲರ ಉತ್ತರವೂ ಚಾಚೂ ತಪ್ಪದೆ ಒಂದೇ ಆಗಿರಬೇಕು. ದಶಮಾಂಶದ ಲೆಕ್ಕ ಒಂದು ಪ್ರೊಸೆಸರ್‌ನಲ್ಲಿ ಒಂದು ಥರ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಬೇರೆ ಬಂದರೂ ಸಾಕು, ಸ್ವಲ್ಪ ಹೊತ್ತಿನಲ್ಲಿ ಒಬ್ಬನ ಪರದೆಯ ಮೇಲೆ ಸತ್ತ ಸೈನಿಕ ಇನ್ನೊಬ್ಬನ ಪರದೆಯಲ್ಲಿ ಓಡಾಡುತ್ತಿರುತ್ತಾನೆ. ಅದಕ್ಕೇ ಆ ತಂಡ ಆಟದ ಲೆಕ್ಕಕ್ಕೆಲ್ಲ ಪೂರ್ಣಾಂಕಗಳನ್ನು ಆಧರಿಸಿದ ಫಿಕ್ಸೆಡ್ ಪಾಯಿಂಟ್ ಸಂಖ್ಯೆಗಳನ್ನೇ ಬಳಸಿತು. ಆದರೂ ಇಂಥ ಏರ್ಪಾಟಿನಲ್ಲಿ ಇಡೀ ರಣರಂಗದ ಮಾಹಿತಿ ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತದೆ. ಕೋಡ್ ಕೈಯಲ್ಲಿದ್ದವನು ಎದುರಾಳಿಯ ಮರೆಯಲ್ಲಿರುವ ಊರನ್ನು ತನ್ನ ಪರದೆಯಲ್ಲಿ ತೆರೆದಿಟ್ಟುಕೊಳ್ಳಬಹುದು. 1999ರ ಡಿಸೆಂಬರಿನಲ್ಲಿ 'ಕ್ವೇಕ್' ಆಟದ ಕೋಡ್ ಬಿಡುಗಡೆಯಾದಾಗ ಇಂಥ ಮೋಸದಾಟ ಕೂಡಲೇ ಕಾಣಿಸಿಕೊಂಡಿತ್ತು. ಮುಚ್ಚಿಡುವುದೇ ಭದ್ರತೆ ಎಂಬ ದಾರಿ ಮುಕ್ತ ಆಟಗಳಿಗೆ ತೆರೆದಿಲ್ಲ.

ಇನ್ನು ಜನರ ಮಾತು. ಜಾಸ್ಮಿನ್ ಪ್ಯಾಟ್ರಿ ಶುರುಮಾಡಿದ 'ಟಕ್ಸ್ ರೇಸರ್' 2000ದಲ್ಲಿ ಪೆಂಗ್ವಿನ್ ಜಾರಾಟವಾಗಿ ಮನೆಮಾತಾಯಿತು. ಮೂಲ ತಂಡ 2002ರಲ್ಲಿ ಅದನ್ನು ಮುಚ್ಚಿದ ಕೋಡಿನ ಮಾರಾಟದ ಆಟವನ್ನಾಗಿಸಿತು. ಹಳೆಯ ಮುಕ್ತ ಕೋಡನ್ನು ಬೇರೆಯವರು ಎತ್ತಿಕೊಂಡರು. ಅದು 'ಎಕ್ಸ್‌ಟ್ರೀಮ್ ಟಕ್ಸ್ ರೇಸರ್' ಆಗಿ ಉಳಿದಿದೆ. 2010ರಲ್ಲಿ 'ನೆಕ್ಸುಯಿಜ್' ಎಂಬ ಮುಕ್ತ ಆಟದ ಹೆಸರನ್ನು ಒಂದು ಗೇಮ್ ಕಂಪನಿಗೆ ಕೊಟ್ಟಾಗ, ವರ್ಷಗಟ್ಟಲೆ ಪುಕ್ಕಟೆ ದುಡಿದವರು ನೊಂದು ಹೊರನಡೆದು 'ಜೊನೋಟಿಕ್' ಎಂಬ ಕವಲು ತೆಗೆದರು. ಹೆಸರು ಕೈತಪ್ಪಬಹುದು, ಕೋಡ್ ತಪ್ಪುವುದಿಲ್ಲ. ಜಿಪಿಎಲ್ ಕೊಡುವ ಈ ರಕ್ಷಣೆ ದೊಡ್ಡದು. ಆದರೆ ಪ್ರತಿ ಕವಲಿನಲ್ಲೂ ಇರುವ ಕೆಲವೇ ಜನ ಇಬ್ಭಾಗವಾಗುತ್ತಾರೆ, ಆಡುವವರೂ ಚದುರುತ್ತಾರೆ.

ದುಡ್ಡಿನ ವಿಷಯದಲ್ಲಿ 0 ಎ.ಡಿ. ತಂಡ 2013ರಲ್ಲಿ ಧೈರ್ಯ ಮಾಡಿ ಇಂಡಿಗೊಗೊ ಎಂಬ ವಂತಿಗೆ ತಾಣದಲ್ಲಿ 1,60,000 ಡಾಲರ್ ಕೇಳಿತು. ಬಂದದ್ದು ಸುಮಾರು 33,000. ಜಗತ್ತಿನಾದ್ಯಂತ ಉಚಿತವಾಗಿ ಆಡುವವರಲ್ಲಿ ಒಂದು ಪಾಲು ಜನ ಒಂದಿಷ್ಟು ಕೊಟ್ಟಿದ್ದರೂ ಗುರಿ ಮುಟ್ಟುತ್ತಿತ್ತು ಎನಿಸಿ ಬೇಸರವಾಗುತ್ತದೆ. ಈಚೆಗೆ ಬೇರೆ ದಾರಿ ಹಿಡಿದವರು ಗೆದ್ದಿದ್ದಾರೆ. 'ಮಿಂಡಸ್ಟ್ರಿ'ಯ ಕೋಡ್ ಜಿಪಿಎಲ್ ಅಡಿ ಮುಕ್ತ, ಆಟವೂ ಉಚಿತವಾಗಿ ಸಿಗುತ್ತದೆ. ಸ್ಟೀಮ್ ಅಂಗಡಿಯಲ್ಲಿ ಅನುಕೂಲಕ್ಕಾಗಿ ಕೊಳ್ಳುವವರು ದುಡ್ಡು ಕೊಡುತ್ತಾರೆ. 'ಪಿಕ್ಸೆಲ್ ಡಂಜನ್' ಎಂಬ ಆಂಡ್ರಾಯ್ಡ್ ಆಟದ ಮುಕ್ತ ಕೋಡಿನಿಂದ ಇವಾನ್ ಡೆಬೆನ್‌ಹ್ಯಾಮ್ ಬೆಳೆಸಿದ 'ಶ್ಯಾಟರ್ಡ್ ಪಿಕ್ಸೆಲ್ ಡಂಜನ್' ಅವರ ಪೂರ್ಣಾವಧಿ ಉದ್ಯೋಗವೇ ಆಗಿದೆ. ಗಮನಿಸಬೇಕಾದ ಸಂಗತಿಯೆಂದರೆ, ಕೋಡ್ ತೆರೆದಿಟ್ಟಿದ್ದರೂ ಹೊರಗಿನವರ ತಿದ್ದುಪಡಿಗಳನ್ನು ಅವರು ತೆಗೆದುಕೊಳ್ಳುವುದಿಲ್ಲ. ನೆಟ್‌ಹ್ಯಾಕ್ ಕೂಡ ಬಹುಕಾಲ ಸಣ್ಣದೊಂದು ತಂಡ ತನ್ನೊಳಗೇ ಬೆಳೆಸಿದ ಆಟ. ಆಟದ ರುಚಿ, ಸಮತೋಲನ, ಯಾವುದು ಬೇಡ ಎಂಬ ತೀರ್ಮಾನ ಒಂದಿಬ್ಬರ ಮನಸ್ಸಿನಲ್ಲಿ ಗಟ್ಟಿಯಾಗಿ ಇದ್ದ ಕಡೆಯೇ ಮುಕ್ತ ಆಟ ಆಕಾರ ಪಡೆದಿದೆ ಎಂದು ನನಗೆ ಅನ್ನಿಸುತ್ತದೆ.

ವೆಸ್ನಾತ್ ಬಾಳಿದ್ದು ಈ ಹಿಡಿತದ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಬಿಡಿಸಿಕೊಂಡಿದ್ದರಿಂದ. ನಿಯಮಗಳು ಸರಳ, ಅವುಗಳ ಮೇಲೆ ಹಿಡಿತ ಬಿಗಿ. ಕಥೆ ಕಟ್ಟಲು ಮಾತ್ರ ಸಿ++ ಬಾರದವರೂ ಬರೆಯಬಲ್ಲ ಡಬ್ಲ್ಯುಎಂಎಲ್ ಎಂಬ ಸುಲಭದ ಭಾಷೆ. ಸಾಮಾನ್ಯ ಆಟಗಾರ ತನ್ನದೇ ಯುದ್ಧಕಥೆ ಬರೆದು ಆಟದೊಳಗಿನಿಂದಲೇ ಹಂಚಬಹುದು. ಹೀಗೆ ಬಂದವರಲ್ಲಿ ಕೆಲವರು ಮುಂದೆ ಯೋಜನೆಯ ಹೊಣೆ ಹೊತ್ತರು. 1.12 ಬಂದದ್ದು 2014ರಲ್ಲಿ, 1.14 ಬಂದದ್ದು 2018ರಲ್ಲಿ, 1.18 ಬಂದದ್ದು 2024ರಲ್ಲಿ. ನಡಿಗೆ ನಿಧಾನ, ಆದರೆ ನಿಂತಿಲ್ಲ.

ಕನ್ನಡಕ್ಕೆ ನೇರವಾಗಿ ತಟ್ಟುವ ತೊಡಕೊಂದಿದೆ. 'ಶಸ್ತ್ರ' ಎಂಬ ಪದ ಯೂನಿಕೋಡ್‌ನಲ್ಲಿ ಶ, ಸ, ಹಲಂತ, ತ, ಹಲಂತ, ರ ಎಂಬ ಆರು ಸಂಕೇತಗಳ ಸಾಲು. ಸಂಕೇತಕ್ಕೊಂದು ಚಿತ್ರದಂತೆ ಅಚ್ಚೊತ್ತುವ ಎಂಜಿನ್ ಇದನ್ನು ಒತ್ತಕ್ಷರವಿಲ್ಲದೆ ಚೂರುಚೂರಾಗಿ ತೋರಿಸುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ಪ್ರೋಗ್ರಾಮರಿಗೆ ಇದು ದೋಷವೆಂದು ಕಾಣುವುದೂ ಇಲ್ಲ. 0 ಎ.ಡಿ. ಬಹುಕಾಲ ಮೊದಲೇ ಅಚ್ಚು ಮಾಡಿಟ್ಟ ಅಕ್ಷರಚಿತ್ರಗಳನ್ನೇ ಬಳಸುತ್ತಿತ್ತು. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತವಾದ ಗೋಡಾಟ್ ಎಂಜಿನ್ನಿಗೂ ಇಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ಶಕ್ತಿ ಬಂದದ್ದು 2023ರ ಮಾರ್ಚ್‌ನಲ್ಲಿ, 4.0 ಆವೃತ್ತಿಯೊಂದಿಗೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಗೇಮ್ ಎಂಜಿನ್ ಮಾರುವ ಯೂನಿಟಿ ಕಂಪನಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ವಿಧಿಸುವುದಾಗಿ ಹೇಳಿದಾಗ ಅನೇಕ ಗೇಮ್ ತಯಾರಕರು ಗೋಡಾಟ್ ಕಡೆ ತಿರುಗಿದರು. ಅದರಲ್ಲಿ ತಯಾರಾಗುವ ಹೆಸರಾಂತ ಆಟಗಳಲ್ಲಿ ಹೆಚ್ಚಿನವುಗಳ ಕೋಡ್ ಮುಚ್ಚಿಯೇ ಇದೆ. ಉಪಕರಣ ಗೆದ್ದಷ್ಟು ಮುಕ್ತ ಆಟ ಗೆದ್ದಿಲ್ಲ.

ವೆಸ್ನಾತ್ ಅಕ್ಷರ ಜೋಡಣೆಗೆ ಪ್ಯಾಂಗೊ ಎಂಬ ತಂತ್ರಾಂಶ ಬಳಸುವುದರಿಂದ ಕನ್ನಡದ ಒತ್ತಕ್ಷರಕ್ಕೆ ಅದರಲ್ಲಿ ದಾರಿಯಿದೆ. ಸಂಭಾಷಣೆಗಳೆಲ್ಲ ಗೆಟ್‌ಟೆಕ್ಸ್ಟ್‌ನ ಪಿಒ ಫೈಲುಗಳಲ್ಲಿವೆ. ಮೇಲೆ ಮೂಲ ವಾಕ್ಯ, ಕೆಳಗೆ ಅನುವಾದ ತುಂಬುವ ಖಾಲಿ ಜಾಗ. ಪ್ರೋಗ್ರಾಮಿಂಗ್ ಬೇಕಿಲ್ಲ, ಒಳ್ಳೆಯ ಕನ್ನಡ ಬೇಕು. ಕೈಹಚ್ಚುವ ಮನಸ್ಸಿರುವವರು 'ಎ ಟೇಲ್ ಆಫ್ ಟು ಬ್ರದರ್ಸ್'ನಿಂದ ಶುರುಮಾಡಬಹುದು. ಹೊಸಬರಿಗೆಂದು ಮಾಡಿದ ಆ ಕಥೆಯಲ್ಲಿ ಇರುವುದು ನಾಲ್ಕೇ ಯುದ್ಧ.