ವರ್ಜಿನ್ ವ್ಯಾಲಿಯ ಓಪಲ್: ವಿಳಂಬ ಎಲ್ಲಿ?

ರತ್ನದರ್ಜೆಯ ಓಪಲ್ ಹುಟ್ಟುವ ಬಗೆಗೆ ಒಂದು ವಿವರಣೆ ಬಹುಕಾಲದಿಂದ ಚಾಲ್ತಿಯಲ್ಲಿದೆ: ಸಿಲಿಕಾದ ಸೂಕ್ಷ್ಮ ಗೋಲಗಳು ನಿಂತ ನೀರಿನಲ್ಲಿ ಮೆಲ್ಲಮೆಲ್ಲನೆ ತಳಕ್ಕಿಳಿದು ಸಾಲುಗಟ್ಟುತ್ತವೆ. 1976ರಲ್ಲಿ ಡ್ಯಾರಾ, ಗ್ಯಾಸ್ಕಿನ್, ಸ್ಯಾಂಡರ್ಸ್ ಬರೆದ ಲೇಖನದಿಂದ ಇದು ಹೆಚ್ಚು ಪ್ರಚಾರಕ್ಕೆ ಬಂತು. ಗೋಲಗಳ ಜೋಡಣೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಓಪಲ್ ನಿಧಾನವಾಗಿ ರೂಪುಗೊಳ್ಳುವುದಕ್ಕೆ ಗೋಲಗಳ ಇಳಿತವೇ ಕಾರಣವೆಂಬ ತೀರ್ಮಾನ ನೆವಾಡದ ವರ್ಜಿನ್ ವ್ಯಾಲಿಯ ಮಟ್ಟಿಗಾದರೂ ನಿಲ್ಲುವುದಿಲ್ಲ.

ಹಿನ್ನೆಲೆ ಚಿಕ್ಕದಾಗಿ. 1953ರಲ್ಲಿ ಬೆಂಗಳೂರಿನಿಂದ ಸಿ. ವಿ. ರಾಮನ್ ಮತ್ತು ಎ. ಜಯರಾಮನ್ ಓಪಲ್‌ನ ಬಣ್ಣಕ್ಕೆ ಒಳಗಿನ ಕ್ರಮಬದ್ಧ ಪದರಗಳೇ ಕಾರಣವೆಂದು ವಾದಿಸಿದರು. 1964ರಲ್ಲಿ ಆಸ್ಟ್ರೇಲಿಯಾದ ಜೋನ್ಸ್, ಸ್ಯಾಂಡರ್ಸ್, ಸೆಗ್ನಿಟ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗೋಲಗಳನ್ನೇ ಕಂಡರು. ಅವುಗಳ ವ್ಯಾಸ ಸುಮಾರು 150ರಿಂದ 350 ನ್ಯಾನೋಮೀಟರ್. ಪದರಗಳ ಸ್ವರೂಪದ ಬಗ್ಗೆ ರಾಮನ್ ತಪ್ಪಿದ್ದರು, ಕ್ರಮದ ಬಗ್ಗೆ ಅಲ್ಲ. ವರ್ಜಿನ್ ವ್ಯಾಲಿಯ ಮಯೋಸೀನ್ ಸ್ತರಗಳನ್ನು ಮೆರಿಯಂ 1910ರಲ್ಲಿ ವಿವರಿಸಿದರು. ಸ್ಟಾಟ್ಸ್ ಮತ್ತು ಬಾವರ್ 1951ರಲ್ಲಿ ಅಲ್ಲಿನ ಸಾಮಾನ್ಯ ಓಪಲ್ ಪದರಗಳಲ್ಲಿ ಯುರೇನಿಯಂ ಗುರುತಿಸಿದರು. ಅಲ್ಲಿ ಹಿಂದೆ ಇದ್ದ ಸರೋವರಕ್ಕೆ ಬಿದ್ದ ಜ್ವಾಲಾಮುಖಿ ಬೂದಿಯ ಗಾಜು ಕರಗಿ ಸಿಲಿಕಾ ಬಿಟ್ಟುಕೊಟ್ಟಿತು ಎಂಬುದರಲ್ಲಿ ಇಂದು ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಈಗ ಲೆಕ್ಕಕ್ಕೆ ಬರೋಣ. 300 ನ್ಯಾನೋಮೀಟರ್ ವ್ಯಾಸದ ಸಿಲಿಕಾ ಗೋಲ ಸಾಧಾರಣ ಉಷ್ಣತೆಯ ನೀರಿನಲ್ಲಿ, ಸ್ಟೋಕ್ಸ್ ನಿಯಮದಂತೆ, ದಿನಕ್ಕೆ ಸುಮಾರು 4 ಮಿಲಿಮೀಟರ್ ಇಳಿಯುತ್ತದೆ. ಗೋಲಗಳು ಒತ್ತಾಗಿದ್ದರೆ ವೇಗ ಬಹಳ ತಗ್ಗುತ್ತದೆ, ನಿಜ. ಹತ್ತರಲ್ಲೊಂದಕ್ಕೆ ಇಳಿದರೂ ಬೆರಳು ದಪ್ಪದ ಕೊಂಬೆ ಕೊಳೆತು ಉಳಿದ ಪೊಳ್ಳಿನ (ಇಲ್ಲಿನ ಬಣ್ಣದ ಓಪಲ್ ಸಾಮಾನ್ಯವಾಗಿ ಸಿಗುವುದು ಇಂಥಲ್ಲೇ) ತಳ ಮುಟ್ಟಲು ಕೆಲವು ತಿಂಗಳು ಸಾಕು. ಬಣ್ಣ ಮೂಡಲು ದೀರ್ಘಕಾಲ ಬೇಡವೆಂಬುದಕ್ಕೆ ಇನ್ನೊಂದು ಸಾಕ್ಷಿ: ಆಸ್ಟ್ರೇಲಿಯಾದ ಲೈಟ್ನಿಂಗ್ ರಿಡ್ಜ್‌ನ ಲೆನ್ ಕ್ರಾಮ್ ಗಾಜಿನ ಜಾಡಿಗಳಲ್ಲೇ ಬಣ್ಣದಾಟ ಬರಿಸಿ ತೋರಿಸಿದ್ದಾರೆ.

ಸಿಲಿಕಾ ಪೂರೈಕೆಯ ಮಾತು ಬೇರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹಿಡಿದಿಡಬಲ್ಲ ಅಸ್ಫಟಿಕ ಸಿಲಿಕಾ ಹೆಚ್ಚೆಂದರೆ 120 ಮಿಲಿಗ್ರಾಂ. ಒಂದು ಘನ ಸೆಂಟಿಮೀಟರ್ ಓಪಲ್‌ನಲ್ಲಿ ಸುಮಾರು 1.9 ಗ್ರಾಂ ಸಿಲಿಕಾ ಇದೆ. ಕರಗಿದ್ದೆಲ್ಲ ಅಲ್ಲೇ ಉಳಿಯಿತೆಂದರೂ ಅದಕ್ಕೆ 16 ಲೀಟರ್ ನೀರು ಬೇಕು. 1917ರಲ್ಲಿ ರೇನ್‌ಬೋ ರಿಡ್ಜ್ ಗಣಿಯಲ್ಲಿ ಸಿಕ್ಕು ಈಗ ಸ್ಮಿತ್ಸೋನಿಯನ್‌ನಲ್ಲಿರುವ ರೋಬ್ಲಿಂಗ್ ಓಪಲ್ 2,585 ಕ್ಯಾರೆಟ್, ಎಂದರೆ 517 ಗ್ರಾಂ. ಅದೊಂದಕ್ಕೇ ಸುಮಾರು 4,000 ಲೀಟರ್! ಸುತ್ತಲಿರುವುದೋ ಬೂದಿಯಿಂದಲೇ ಆದ ಮಾಂಟ್‌ಮೊರಿಲೊನೈಟ್ ಜೇಡಿ; ನೀರನ್ನು ಸುಲಭಕ್ಕೆ ಹರಿಯಗೊಡದ ಮಣ್ಣು. ವಿಳಂಬ ಇಲ್ಲೇ, ಸಿಲಿಕಾ ಬಂದು ಸೇರುವುದರಲ್ಲಿ.

ಈ ಜಿಪುಣ ಮಣ್ಣೇ ರತ್ನದ ಗುಣಕ್ಕೂ ಕಾರಣವಿರಬಹುದೆಂದು ನನ್ನ ಊಹೆ. ಗೋಲಗಳ ಗಾತ್ರದಲ್ಲಿ ಶೇಕಡಾ ಕೆಲವೇ ಅಂಶ ಏರುಪೇರಾದರೂ ಸಾಲು ಕೆಡುತ್ತದೆ, ಬಣ್ಣ ಮಾಯವಾಗುತ್ತದೆ. ಸಿಲಿಕಾ ಒಮ್ಮೆಲೇ ನುಗ್ಗಿದರೆ ಹೊಸ ಕಣಗಳು ಹುಟ್ಟುತ್ತಲೇ ಹೋಗುತ್ತವೆ. ತೊಟ್ಟಿಕ್ಕಿದರೆ ಇದ್ದ ಕಣಗಳೇ ಸಮನಾಗಿ ಬೆಳೆಯುತ್ತವೆ. ಇದೇ ಸ್ತರಗಳಲ್ಲಿ ಹಾಸಿನಂತೆ ಹರಡಿದ ಓಪಲ್ ಬಹುಮಟ್ಟಿಗೆ ಬಣ್ಣವಿಲ್ಲದ್ದು. ಬಣ್ಣದಾಟ ಸಾಮಾನ್ಯವಾಗಿ ಸೂಚಿಪರ್ಣಿ ಮರಗಳ ಕೊಂಬೆ ಕೊಳೆತು ಉಳಿದ, ಜೇಡಿ ಮುಚ್ಚಿದ ಅಚ್ಚುಗಳಲ್ಲಿ ಕಾಣುತ್ತದೆ. ಹಾಗಿದ್ದರೆ ಸರೋವರ ಓಪಲನ್ನು ಮಾಡಲಿಲ್ಲ. ಮರವನ್ನು ಹೂತಿಟ್ಟು, ಮೇಲೆ ಮುಚ್ಚಳ ಹಾಕಿತು, ಅಷ್ಟೆ. ಆದರೆ ಈ ಮಾತಿಗೆ ಮಿತಿಗಳಿವೆ. ಸಿಲಿಕಾ ಕರಗಿದ ರೂಪದಲ್ಲಲ್ಲದೆ ಕೊಲಾಯ್ಡ್ ಆಗಿಯೇ ಬಂದಿದ್ದರೆ ನೀರಿನ ಲೆಕ್ಕ ಬಹಳ ಕುಗ್ಗುತ್ತದೆ. ನೀರು ಹರಿಯದೆ ಸಿಲಿಕಾ ಮಾತ್ರ ವಿಸರಣದಿಂದ ಸಾಗಿಬಂದಿರಲೂ ಸಾಧ್ಯ. ನೀರು ಬಿಸಿಯಿದ್ದರೆ ಕರಗುವ ಪ್ರಮಾಣವೇ ಏರುತ್ತದೆ. ಎಕ್ಸ್-ರೇಯಲ್ಲಿ ಓಪಲ್-ಸಿಟಿ (ಕ್ರಿಸ್ಟೊಬಲೈಟ್-ಟ್ರಿಡಿಮೈಟ್ ರಚನೆಯ ಓಪಲ್) ಎಂದು ತೋರುವ ಮಾದರಿಗಳಿಗಂತೂ ಗೋಲಗಳ ವಾದವನ್ನು ಹಾಗೆಯೇ ಅಂಟಿಸಲಾಗದು.

ನೀರಿನ ಉಷ್ಣತೆಯ ಪ್ರಶ್ನೆಯನ್ನು ಆಮ್ಲಜನಕದ ಐಸೊಟೋಪುಗಳಿಂದ ಪರೀಕ್ಷಿಸಬಹುದು, ಅದೂ ಅಚ್ಚಿನ ಓಪಲ್ ಮತ್ತು ಹಾಸಿನ ಓಪಲ್ ಎರಡನ್ನೂ ಜೊತೆಗಿಟ್ಟು. ಪೂರೈಕೆಯ ಪ್ರಶ್ನೆಗೆ ಉತ್ತರ ಬೇಕಾದರೆ ಅಚ್ಚಿನ ಸುತ್ತಲಿನ ಮಣ್ಣು ಬೇಕು. ಗಣಿಯಲ್ಲಿ ಓಪಲನ್ನು ತೊಳೆದು ಎತ್ತಿಡುವವರು ಅದಕ್ಕೆ ಅಂಟಿದ್ದ ಜೇಡಿಯನ್ನೂ ಒಂದು ಹಿಡಿ, ಸ್ಥಳ ಗುರುತು ಹಾಕಿ, ತೆಗೆದಿಡಬೇಕು.