ತಿದ್ದುವ ಕೈ ಯಾರದು?

ಕತೆ ಬರೆಯುವ ನಮ್ಮ ಹುಡುಗರು ಹಸ್ತಪ್ರತಿ ತಂದುಕೊಟ್ಟು 'ಸಾರ್, ಸ್ವಲ್ಪ ತಿದ್ದಿಕೊಡಿ' ಅಂತಾರೆ. ತಿದ್ದುವುದೆಂದರೆ ಬರೀ ಕಾಗುಣಿತದ ಮಾತಲ್ಲ. ಯಾವುದು ಉಳಿಯಬೇಕು, ಯಾವುದನ್ನು ಹೊಡೆದುಹಾಕಬೇಕು ಎಂದು ತೀರ್ಮಾನಿಸುವ ಅಧಿಕಾರದ ಮಾತು. ದಲಿತರ ಬದುಕು ಅಚ್ಚಿಗೆ ಬಂದಾಗ ಈ ಅಧಿಕಾರ ಯಾರ ಕೈಯಲ್ಲಿತ್ತು? ಒಂದೇ ವರ್ಷದ ಅಂತರದಲ್ಲಿ ಬಂದ ಎರಡು ಪುಸ್ತಕಗಳನ್ನು ಎದುರುಬದುರು ಇಟ್ಟು ನೋಡೋಣ.

ಮೊದಲನೆಯದು ಮುಲ್ಕ್ ರಾಜ್ ಆನಂದ್ ಇಂಗ್ಲಿಷಿನಲ್ಲಿ ಬರೆದ 'ಅನ್‌ಟಚಬಲ್' ಕಾದಂಬರಿ. ಕಕ್ಕಸು ಬಾಚುವ ಬಖ ಎಂಬ ಹುಡುಗನ ಒಂದು ದಿನದ ಕತೆ. ಲಂಡನ್ನಿನ ಬ್ಲೂಮ್ಸ್‌ಬರಿ ಲೇಖಕರ ಒಡನಾಟದಲ್ಲಿದ್ದ ಆನಂದ್ ಇದರ ಕರಡು ಹಿಡಿದು ಗಾಂಧೀಜಿಯ ಆಶ್ರಮಕ್ಕೆ ಹೋದರು. ಬಖ ಬ್ಲೂಮ್ಸ್‌ಬರಿ ಪಂಡಿತನ ಹಾಗೆ ಯೋಚಿಸುತ್ತಾನೆಂದು ಗಾಂಧೀಜಿ ಆಕ್ಷೇಪಿಸಿದರೆಂದೂ, ತಾವು ನೂರಕ್ಕೂ ಹೆಚ್ಚು ಪುಟ ಕತ್ತರಿಸಿ ಮತ್ತೆ ಬರೆದದ್ದಾಗಿಯೂ ಆನಂದ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅವರ ಲೆಕ್ಕದಲ್ಲಿ 19 ಪ್ರಕಾಶಕರು ತಿರಸ್ಕರಿಸಿದ ಮೇಲೆ, ಇ.ಎಂ. ಫಾರ್ಸ್ಟರ್ ಮುನ್ನುಡಿಯ ಬಲದಿಂದ 1935ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು.

ಗಾಂಧೀಜಿಯ ಮಾತಿನಲ್ಲಿ ಸತ್ಯವಿತ್ತು, ಒಪ್ಪೋಣ. ಲೇಖಕ ತನ್ನ ಓದನ್ನೆಲ್ಲ ಪಾತ್ರದ ತಲೆಗೆ ತುರುಕಿದರೆ ಪಾತ್ರ ಸಾಯುತ್ತದೆ. ಈ ತಪ್ಪು ನಾವೂ ಮಾಡ್ತೀವಿ. ಆದರೆ ಬಖ ಏನು ಯೋಚಿಸಬಲ್ಲ, ಏನು ಯೋಚಿಸಲಾರ ಎಂಬ ತೀರ್ಮಾನ ಮೇಲ್ಜಾತಿಯ ಇಬ್ಬರ ನಡುವೆ ಆಗಿಹೋಯಿತಲ್ಲ! ಕಾದಂಬರಿಯ ಕೊನೆ ನೋಡಿ. ಬಖನ ಮುಂದೆ ಮೂರು ದಾರಿ: ಪಾದ್ರಿಯ ಕ್ರಿಸ್ತ, ಗಾಂಧೀಜಿಯ ಭಾಷಣ, ಫ್ಲಶ್ ಕಕ್ಕಸಿನ ಮಾತಾಡುವ ಕವಿ. ಮೂವರೂ ಕೇರಿಯ ಹೊರಗಿನವರು. 1927ರಲ್ಲೇ ಅಂಬೇಡ್ಕರ್ ಜೊತೆ ಸಾವಿರಾರು ಜನ ಮಹಾಡದ ಕೆರೆಯ ನೀರು ಕುಡಿದಿದ್ದರು. ಆ ದಾರಿ ಬಖನಿಗೆ ಕಾಣುವುದಿಲ್ಲ. ಅಷ್ಟೆಲ್ಲ ತಿದ್ದಿದರೂ ಆ ಜಾಗ ಖಾಲಿಯೇ ಉಳಿಯಿತು.

ಎರಡನೆಯದು ಕತೆಯಲ್ಲ, ಭಾಷಣ. ಆದರೂ ಕತೆಗಾರರಿಗೆ ಅದರಲ್ಲಿ ಪಾಠವಿದೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನಕ್ಕೆ ಅಂಬೇಡ್ಕರರನ್ನು ಅಧ್ಯಕ್ಷರಾಗಿ ಕರೆದಿತ್ತು. ಬರೆದ ಭಾಷಣ ಓದಿದ ಮೇಲೆ ಕೆಲವು ಭಾಗ ತೆಗೆಯಿರಿ ಎಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದರು ಅಂಬೇಡ್ಕರ್. ಆ ಭಾಷಣ ನಡೆಯಲೇ ಇಲ್ಲ. ಅವರೇ ಅಚ್ಚು ಹಾಕಿಸಿದ 'ಜಾತಿ ವಿನಾಶ'ದ 1500 ಪ್ರತಿಗಳು ಎರಡೇ ತಿಂಗಳಲ್ಲಿ ಮುಗಿದವು.

ಹಾಗಂತ ಅವರು ತಿದ್ದುವುದಕ್ಕೇ ವಿರೋಧಿಯಾಗಿರಲಿಲ್ಲ. 1937ರ ಎರಡನೇ ಮುದ್ರಣಕ್ಕೆ ಗಾಂಧೀಜಿಯ ಟೀಕೆಯನ್ನೂ ತಮ್ಮ ಉತ್ತರವನ್ನೂ ಸೇರಿಸಿದರು. ಭಾಷಣದ ರೂಪ ಬಿಟ್ಟು ನೇರ ಪ್ರಬಂಧವಾಗಿ ಬರೆಯಿರಿ ಎಂಬ ಸಲಹೆ ಬಂದರೂ, ಯೋಚಿಸಿಯೇ ಮೂಲರೂಪ ಉಳಿಸಿಕೊಂಡರು. 1944ರ ಮುದ್ರಣದಲ್ಲಂತೂ, 1916ರ ತಮ್ಮ ಲೇಖನವೊಂದನ್ನು ಇದರೊಳಗೆ ಬೆರೆಸಿ ಬರೆಯುವ ಆಸೆಯಿತ್ತು, ಬಿಡುವಾಗಲಿಲ್ಲ ಎಂದಿದ್ದಾರೆ. ಅಂದರೆ ತಿದ್ದುವ ಮನಸ್ಸಿತ್ತು, ತಿದ್ದುವ ಹಕ್ಕನ್ನು ಬಿಟ್ಟುಕೊಡಲಿಲ್ಲ.

ನಮ್ಮ ಕಷ್ಟ ಬೇರೆ. ಮಂಡಲದವರು ಈಗ ನಮ್ಮ ತಲೆಯೊಳಗೇ ಕೂತಿದ್ದಾರೆ. ನನ್ನ ಮೊದಲ ಕತೆಯಲ್ಲಿ ಅವ್ವನ 'ಉಣ್ಣಕ್ಕಿಕ್ಕು' ಎಂಬ ಮಾತನ್ನು 'ಊಟ ಬಡಿಸು' ಎಂದು ತಿದ್ದಿದವನು ನಾನೇ. ಯಾರೂ ಹೇಳಿರಲಿಲ್ಲ. ಅಚ್ಚಾದ ಮೇಲೆ ಅವ್ವನಿಗೆ ಓದಿ ಹೇಳಿದೆ. 'ಯಾವೂರ ಹೆಂಗ್ಸು ಮಗ ಇವ್ಳು?' ಅಂದಳು.

ದೇವನೂರ ಮಹಾದೇವರ 'ಕುಸುಮಬಾಲೆ' ಓದಲು ಕಷ್ಟ ಎಂಬ ದೂರು ಎಷ್ಟು ಕೇಳಿಲ್ಲ! ಆ ಭಾಷೆಯಲ್ಲೇ ನಿಂತ ಕೃತಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದುಗರೇ ಅದರ ಹತ್ತಿರಕ್ಕೆ ನಡೆದು ಬರಬೇಕಾಯಿತು.

ಗೆಳೆಯರೆ, ತಿದ್ದಿ, ಹತ್ತು ಸಲ ತಿದ್ದಿ. ಸಿಟ್ಟಿನಲ್ಲಿ ಬರೆದದ್ದೆಲ್ಲ ಕತೆಯಾಗುವುದಿಲ್ಲ. ಆದರೆ ಕರಡನ್ನು ಮೊದಲು ನಿಮ್ಮ ಕೇರಿಯಲ್ಲಿ ಗಟ್ಟಿಯಾಗಿ ಓದಿ. ಅಲ್ಲಿ ಯಾರಾದರೂ 'ಇದು ನಮ್ಮ ಮಾತಲ್ಲ ಕಣಪ್ಪ' ಅಂದರೆ, ಅಲ್ಲಿಂದ ತಿದ್ದೋದಕ್ಕೆ ಶುರು ಮಾಡಿ.