ಹಾಡು ಯಾರದು? ಗಣೇಶನ ಪೆಂಡಾಲಿನಿಂದ ನಾಡಗೀತೆಯವರೆಗೆ

ಈ ಸಂಚಿಕೆಗೆ ಒಂದು ಸಣ್ಣ ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ. ಒಂದು ಹಾಡು ಯಾರದು? ಬರೆದವರದ್ದೋ, ರಾಗ ಹಾಕಿದವರದ್ದೋ, ಮೊದಲು ಹಾಡಿದವರದ್ದೋ, ಅಥವಾ ಇಪ್ಪತ್ತು ವರ್ಷ ಆದ ಮೇಲೂ ಬೀದಿಯ ವೇದಿಕೆಯಲ್ಲಿ ಅದನ್ನ ಹಾಡ್ತಾ ಇರೋರದ್ದೋ? ಈಗಿನವರು ಇದನ್ನ ‘ಒರಿಜಿನಲ್’ ಮತ್ತು ‘ಕವರ್’ ಅಂತ ಎರಡೇ ಪದದಲ್ಲಿ ಮುಗಿಸ್ತಾರೆ. ಆದರೆ ನಮ್ಮಲ್ಲಿ ಈ ಜಗಳಕ್ಕೆ ಉದ್ದದ ಚರಿತ್ರೆ ಇದೆ. ನಾಟಕ ಕಂಪನಿಗಳ ಕಾಲದಿಂದ ಶುರುವಾಗಿ, ಗಣೇಶನ ಪೆಂಡಾಲು ಹಾದು, ಹೈಕೋರ್ಟಿನವರೆಗೂ ಹೋಗಿದೆ.

ನಾನು ಪೆಂಡಾಲಿನಿಂದಲೇ ಶುರು ಮಾಡ್ತೀನಿ. ಹಾಡು ಅಂದ್ರೆ ಏನು ಅಂತ ನನಗೆ ಮೊದಲು ಗೊತ್ತಾಗಿದ್ದು ಅಲ್ಲೇ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಚೌತಿಗೆ ಇನ್ನೂ ತಿಂಗಳಿರುವಾಗಲೇ ನಮ್ಮ ಬೀದಿಯ ಯುವಕ ಸಂಘದವರು ಚಂದಾ ಪುಸ್ತಕ ಹಿಡಿದು ಮನೆ ಮನೆಗೆ ಬರ್ತಿದ್ರು. ಹರಿಕಥೆ ಒಂದು ದಿನ, ಮಕ್ಕಳ ಡ್ಯಾನ್ಸು ಒಂದು ದಿನ, ಕೊನೆಗೆ ವಿಸರ್ಜನೆಯ ಹಿಂದಿನ ರಾತ್ರಿ ಆರ್ಕೆಸ್ಟ್ರಾ. ಡ್ರಮ್ಸು, ಕಾಂಗೋ, ತಬಲ, ಒಂದು ಕೀಬೋರ್ಡು, ಎರಡು ಗಿಟಾರು. ‘ಹಲೋ, ಮೈಕ್ ಟೆಸ್ಟಿಂಗ್’ ಅಂತಲೇ ಅರ್ಧ ಗಂಟೆ ಹೋಗೋದು. ನಾವು ಚಾಪೆ ಹಾಸಿಕೊಂಡು ಮುಂದೆ ಕೂರ್ತಿದ್ವಿ. ಹೆಂಗಸರು ಜಗಲಿಯ ಮೇಲೆ, ಗಂಡಸರು ಅಂಗಡಿ ಮುಂದೆ ನಿಂತ್ಕೊಂಡು.

ಅಲ್ಲಿ ಹಾಡೋ ಒಂದು ಹಾಡೂ ಅವರದ್ದಲ್ಲ. ಎಲ್ಲಾ ಸಿನಿಮಾದ್ದು. ಅವರ ಸ್ವಂತ ಹಾಡು ಕೇಳೋಕೆ ಯಾರೂ ಬಂದಿರ್ತಿರಲಿಲ್ಲ. ಜನಕ್ಕೆ ಬೇಕಾಗಿದ್ದು ಥಿಯೇಟರಿನಲ್ಲಿ ಕೇಳಿದ್ದು, ರೇಡಿಯೋದಲ್ಲಿ ಕೇಳಿದ್ದು, ಅದೇ ಥರ, ಕಣ್ಣೆದುರಿಗೆ. ಕೊಳಲಿನ ಒಂದು ತುಣುಕು ತಪ್ಪಿದ್ರೂ ಹಿಂದಿನಿಂದ ಶಿಳ್ಳೆ ಬರೋದು. ಸರಿಯಾಗಿ ಬಂದ್ರೆ ‘ಒನ್ಸ್ ಮೋರ್’.

ಇದು ಸುಲಭದ ಕೆಲಸ ಅಂದ್ಕೋಬೇಡಿ. ರಾಜ್‌ಕುಮಾರ್ ಹಾಡುಗಳನ್ನೇ ತಗೊಳ್ಳಿ. ಮೊದಮೊದಲ ಸಿನಿಮಾಗಳಲ್ಲಿ ತೆರೆಯ ಮೇಲೆ ರಾಜ್‌ಕುಮಾರ್ ತುಟಿ ಆಡಿಸಿದ್ರೆ ಬಹುತೇಕ ಕೇಳ್ತಿದ್ದ ದನಿ ಪಿ.ಬಿ. ಶ್ರೀನಿವಾಸ್ ಅವರದ್ದು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್‌ಕುಮಾರ್ ತಾವೇ ಹಾಡಿದ್ರು, ಆಮೇಲೆ ಅವರೇ ಹಾಡೋದು ವಾಡಿಕೆ ಆಯ್ತು. ಅಂದ್ರೆ ಆರ್ಕೆಸ್ಟ್ರಾದ ‘ಜೂನಿಯರ್ ರಾಜ್‌ಕುಮಾರ್’ಗೆ ಒಂದು ಗಂಟಲು ಸಾಲದು. 74ಕ್ಕೆ ಮುಂಚಿನ ಹಾಡಿಗೆ ಪಿ.ಬಿ.ಎಸ್. ಥರ ಮೆತ್ತಗೆ, ತೇಲಿಸಿ ಹಾಡಬೇಕು. ಆಮೇಲಿನದ್ದಕ್ಕೆ ರಾಜ್‌ಕುಮಾರ್ ಥರ ರಂಗಭೂಮಿಯ ತುಂಬು ದನಿ ತರಬೇಕು. ಮುಂದಿನ ಚೀಟಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡು ಬಂದ್ರೆ ಮೂರನೇ ಗಂಟಲು. ಇದನ್ನೆಲ್ಲ ಒಬ್ಬನೇ ಮನುಷ್ಯ, ಹಗಲು ಎಲ್ಲೋ ಕೆಲಸ ಮಾಡಿಕೊಂಡು, ರಾತ್ರಿ ಮಾಡ್ತಿದ್ದ.

ಇನ್ನೊಬ್ಬರನ್ನ ನಾನು ಮರೆಯೋಕೆ ಆಗಲ್ಲ: ನಿರೂಪಕರು. ಕೈಯಲ್ಲಿ ಒಂದು ಉದ್ದನೆಯ ನೋಟ್‌ಬುಕ್. ಪ್ರತಿ ಹಾಡಿಗೂ ಮುಂಚೆ ಅದನ್ನ ನೋಡಿ ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಮೂಲ ಗಾಯಕರು ಯಾರು, ಎಲ್ಲ ಹೇಳಿ, ಆಮೇಲೆ ‘ಈಗ ನಿಮ್ಮ ಮುಂದೆ’ ಅಂತ ತಮ್ಮ ಗಾಯಕರ ಹೆಸರು ಹೇಳೋರು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ. ಈ ಹೆಸರುಗಳು ನನಗೆ ಬಾಯಿಪಾಠ ಆಗಿದ್ದು ಪುಸ್ತಕದಿಂದಲ್ಲ, ಆ ಮೈಕಿನಿಂದ. ಈ ನೋಟ್‌ಬುಕ್ಕನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

ಕಂಪನಿ ನಾಟಕಗಳ ಕಾಲದಲ್ಲಿ ಧಾಟಿ ಎರವಲು ತರೋದು ಗುಟ್ಟಿನ ವಿಷಯವೇ ಆಗಿರಲಿಲ್ಲ. ಪಾರ್ಸಿ ನಾಟಕದವರ ಧಾಟಿ, ಮರಾಠಿ ರಂಗಗೀತೆಯ ಧಾಟಿ ಕನ್ನಡಕ್ಕೆ ಬರ್ತಿತ್ತು, ಅದಕ್ಕೆ ಇಲ್ಲಿಯ ಕವಿ ಹೊಸ ಮಾತು ಕೂರಿಸ್ತಿದ್ರು. ಹಳೆಯ ನಾಟಕದ ಹಾಡಿನ ಪುಸ್ತಕಗಳಲ್ಲಿ ಹಾಡಿನ ಮೇಲೆ ‘ಮಟ್ಟು’ ಅಂತ ಬರೆದು, ಇದು ಯಾವ ಹಾಡಿನ ಧಾಟಿ ಅನ್ನೋದನ್ನ ಅಚ್ಚು ಹಾಕ್ತಿದ್ರು. ತಗೊಂಡಿದ್ದು ಹೌದು, ಎಲ್ಲಿಂದ ಅಂತ ಹೇಳಿದ್ದೂ ಹೌದು.

ದಾಸರ ಪದಗಳ ಕಥೆ ಇನ್ನೂ ಬೇರೆ. ಪುರಂದರದಾಸರ ಪದಗಳನ್ನ ದಾಸರೇ ಯಾವ ಧಾಟಿಯಲ್ಲಿ ಹಾಡಿದ್ರು ಅನ್ನೋದು ನಮಗೆ ಉಳಿದು ಬಂದಿಲ್ಲ. ಸಾಹಿತ್ಯ ಉಳಿಯಿತು, ಧಾಟಿ ಬದಲಾಗ್ತಾ ಬಂತು. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಮನೆಮನೆಗೆ ಮುಟ್ಟಿದ್ದರಲ್ಲಿ ಬಿ.ಎಸ್. ರಾಜ ಅಯ್ಯಂಗಾರರ ಗ್ರಾಮಫೋನ್ ತಟ್ಟೆಯ ಪಾಲು ದೊಡ್ಡದು. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ‘ಕಲೋನಿಯಲ್ ಕಸಿನ್ಸ್’ ಹೆಸರಿನಲ್ಲಿ ಅದನ್ನೇ ಗಿಟಾರಿನ ಜೊತೆ ತಂದ್ರು. ಅದನ್ನ ಆಗ ಟೀವಿಯಲ್ಲಿ ಮೊದಲ ಸಲ ಕೇಳಿದ ಹುಡುಗನಿಗೆ ಅದೇ ಒರಿಜಿನಲ್. ಅವನ ಅಜ್ಜಿಗೆ ರಾಜ ಅಯ್ಯಂಗಾರರದ್ದು ಒರಿಜಿನಲ್. ವ್ಯಾಸರಾಯರನ್ನ ಕೇಳಿದವರು ಯಾರೂ ಇಲ್ಲ.

ಭಾವಗೀತೆಗೂ ಇದೇ ಸ್ವಭಾವ ಇತ್ತು. ಇಲ್ಲಿ ಮೊದಲು ಹುಟ್ಟೋದು ಕವಿತೆ. ಪುಸ್ತಕದಲ್ಲಿ ಅಚ್ಚಾಗುತ್ತೆ, ಆಮೇಲೆ ಯಾರೋ ಅದನ್ನ ಹಾಡ್ತಾರೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಬಂದಿದ್ದು 1942ರಲ್ಲಿ. ಪಿ. ಕಾಳಿಂಗರಾಯರು ಬೇಂದ್ರೆ, ಕುವೆಂಪು, ಕೆ.ಎಸ್.ನ. ಇವರನ್ನೆಲ್ಲ ಸಭೆಯಿಂದ ಸಭೆಗೆ ಹೊತ್ತುಕೊಂಡು ಹೋದ್ರು. ಅವರ ನಂತರ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡ್ತಿದ್ದವರು, ಸುಬ್ಬಣ್ಣ ವಕೀಲರು. ಒಂದೇ ಕವಿತೆಗೆ ಇಬ್ಬರು ಬೇರೆ ಬೇರೆ ರಾಗ ಹಾಕಿದ್ರೆ ಒಬ್ಬರು ಒರಿಜಿನಲ್, ಇನ್ನೊಬ್ಬರು ಕವರ್ ಅಂತ ಯಾರೂ ಅನ್ನಲಿಲ್ಲ. ‘ಅವರ ಧಾಟಿ ಹೀಗೆ, ಇವರ ಧಾಟಿ ಹಾಗೆ’ ಅಂತ ಮಾತಾಡ್ತಿದ್ರು, ಅಷ್ಟೇ.

ಇದನ್ನ ಬದಲಾಯಿಸಿದ್ದು ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ ಅಂತಲೇ ಅದಕ್ಕೆ ಹೆಸರು. ಆಮೇಲೆ ಸಾಲು ಸಾಲಾಗಿ ಬಂದವು. ಕ್ಯಾಸೆಟ್ಟು ಮಾಡಿದ ಉಪಕಾರ ದೊಡ್ಡದು. ಸಭೆಗೆ ಹೋಗಲಾರದ ಹಳ್ಳಿಯ ಮೇಷ್ಟ್ರ ಮನೆಗೂ ಕವಿತೆ ಬಂತು. ಆದರೆ ಅದೇ ಕ್ಯಾಸೆಟ್ಟು ಇನ್ನೊಂದು ಕೆಲಸವನ್ನೂ ಮಾಡ್ತು. ಒಂದು ಕವಿತೆಗೆ ಒಂದೇ ಧಾಟಿ ಅಂತ ಕಿವಿಯಲ್ಲಿ ಮೊಳೆ ಹೊಡೀತು. ರಾಜ್ಯೋತ್ಸವದ ವೇದಿಕೆಯಲ್ಲಿ ಯಾರಾದ್ರೂ ಅದೇ ಕವಿತೆಗೆ ತಮ್ಮದೇ ರಾಗ ಹಾಕಿ ಹಾಡಿದ್ರೆ ಜನ ‘ತಪ್ಪಾಗಿ ಹಾಡ್ತಿದ್ದಾರೆ’ ಅನ್ನೋಕೆ ಶುರು ಮಾಡಿದ್ರು. ‘ಮೂಲ’ ಅನ್ನೋ ಪಟ್ಟ ಕವಿತೆಯಿಂದ ಮೊದಲ ರೆಕಾರ್ಡಿಂಗಿಗೆ ಜಾರಿತು.

ಇದೇ ಹೊತ್ತಿಗೆ ಉತ್ತರದಲ್ಲಿ ದುಡ್ಡಿನ ಆಟ ಶುರುವಾಗಿತ್ತು. ಗುಲ್ಶನ್ ಕುಮಾರ್ ಅವರ ಟಿ–ಸೀರೀಸ್ ಹಳೆಯ ಹಿಂದಿ ಹಾಡುಗಳನ್ನ ಹೊಸ ಗಾಯಕರಿಂದ ಹಾಡಿಸಿ ಕಡಿಮೆ ಬೆಲೆಗೆ ಮಾರ್ತು. ಇವುಗಳನ್ನ ‘ವರ್ಶನ್ ರೆಕಾರ್ಡಿಂಗ್’ ಅಂತಿದ್ರು. ಇದಕ್ಕೆ ದಾರಿ ಕೊಟ್ಟಿದ್ದು 1957ರ ಕೃತಿಸ್ವಾಮ್ಯ ಕಾಯ್ದೆ. ಈ ಕಾಯ್ದೆಯ ಕಣ್ಣಿಗೆ ಒಂದು ಹಾಡು ಅಂದ್ರೆ ಮೂರು ಆಸ್ತಿ: ಸಾಹಿತ್ಯ ಒಂದು, ಸಂಗೀತ ಒಂದು, ಧ್ವನಿಮುದ್ರಣ ಇನ್ನೊಂದು. ಮೊದಲ ಎರಡಕ್ಕೆ ಗೊತ್ತುಪಡಿಸಿದ ರಾಯಧನ ಕಟ್ಟಿ, ನೋಟಿಸು ಕೊಟ್ಟು, ಮೂರನೆಯದನ್ನ ಮಾತ್ರ ಹೊಸದಾಗಿ ಮಾಡಿಕೊಳ್ಳೋಕೆ 52ನೇ ಸೆಕ್ಷನ್ನು ಅವಕಾಶ ಕೊಟ್ಟಿತ್ತು. ಹಳೆಯ ಹಾಡು, ಹೊಸ ಗಂಟಲು, ಅಗ್ಗದ ಕ್ಯಾಸೆಟ್ಟು. ಅನೂರಾಧಾ ಪೌಡ್ವಾಲ್, ಕುಮಾರ್ ಸಾನು, ಸೋನು ನಿಗಮ್ ಇಂಥ ಕ್ಯಾಸೆಟ್ಟುಗಳಲ್ಲಿ ಹಾಡಿದ್ದಾರೆ. ಸೋನು ನಿಗಮ್ ದನಿಯನ್ನ ಜನ ಮೊದಲು ಗುರುತಿಸಿದ್ದು ರಫಿ ಹಾಡುಗಳಿಂದಲೇ. ಆರ್ಕೆಸ್ಟ್ರಾದ ಹುಡುಗನ ವಿದ್ಯೆಯೇ ಅದು, ಬಂಡವಾಳ ಮಾತ್ರ ದೊಡ್ಡದು.

2012ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂತು. 31–ಸಿ ಅನ್ನೋ ಹೊಸ ಸೆಕ್ಷನ್ ಬಂತು. ಮೊದಲ ಮುದ್ರಣ ಆಗಿ ಐದು ವರ್ಷ ತುಂಬೋವರೆಗೆ ಕವರ್ ಮಾಡೋ ಹಾಗಿಲ್ಲ. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಮೂಲ ಕಲಾವಿದರ ಹೆಸರು, ಚಿತ್ರ ಹಾಕಿ ಕೊಳ್ಳುವವರನ್ನ ದಾರಿ ತಪ್ಪಿಸುವಂತಿಲ್ಲ, ಇದು ಕವರ್ ಅಂತ ಹೊದಿಕೆಯ ಮೇಲೆ ಬರೆಯಬೇಕು. ಅಂದ್ರೆ ಕಾಯ್ದೆಯೂ ಕೊನೆಗೆ ಬಂದು ನಿಂತಿದ್ದು ಆ ಹಳೆಯ ‘ಮಟ್ಟು’ ಅನ್ನೋ ಜಾಗಕ್ಕೇ: ತಗೊಳ್ಳಿ, ಆದರೆ ಹೇಳಿ ತಗೊಳ್ಳಿ.

ಇನ್ನೊಂದು ಮಾತು, ಇದನ್ನ ಓದಿದಾಗ ನನಗೆ ನಮ್ಮ ಬೀದಿಯೇ ನೆನಪಾಯ್ತು. ಅದೇ 52ನೇ ಸೆಕ್ಷನ್ನಿನಲ್ಲಿ, ಹವ್ಯಾಸಿ ಸಂಘ ಟಿಕೆಟ್ ಇಲ್ಲದ ಸಭೆಯ ಮುಂದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಕ್ಕೆ ಅಂತ ಹಾಡಿದ್ರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಅಲ್ಲ ಅಂತ ಇದೆ. ಬಡಾವಣೆಯ ಸಂಘಗಳಿಗೆ, ಅಲ್ಲಿ ಹಾಡು ಕಲಿಯೋ ಹುಡುಗರಿಗೆ ಕಾಯ್ದೆಯೇ ಒಂದು ಮೂಲೆ ಬಿಟ್ಟುಕೊಟ್ಟಿದೆ.

ಈಗ ಕೋರ್ಟಿನ ಕಥೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಗೆ 2004ರಲ್ಲಿ ನಾಡಗೀತೆಯ ಸ್ಥಾನ ಸಿಕ್ಕಿತು. ಆದರೆ ಯಾವ ಧಾಟಿ? ಮೈಸೂರು ಅನಂತಸ್ವಾಮಿಯವರದ್ದು ಒಂದಿತ್ತು, ಸಿ. ಅಶ್ವತ್ಥ್ ಅವರದ್ದು ಇನ್ನೊಂದಿತ್ತು. ಎರಡಕ್ಕೂ ಅಭಿಮಾನಿಗಳಿದ್ರು. ಒಂದೊಂದು ಕಡೆ ಒಂದೊಂದು ಥರ ಹಾಡ್ತಿದ್ರು, ಆಲಾಪ, ಪುನರಾವರ್ತನೆ ಸೇರಿ ಬಹಳ ಹೊತ್ತು ಹಿಡೀತಿತ್ತು. ಎಚ್.ಆರ್. ಲೀಲಾವತಿ ಅವರ ನೇತೃತ್ವದ ಸಮಿತಿ ಅನಂತಸ್ವಾಮಿ ಧಾಟಿಯನ್ನ ಶಿಫಾರಸು ಮಾಡ್ತು. ಸೆಪ್ಟೆಂಬರ್ 2022ರಲ್ಲಿ ಸರ್ಕಾರ ಆದೇಶ ಹೊರಡಿಸ್ತು: ಅನಂತಸ್ವಾಮಿ ಧಾಟಿ, 2 ನಿಮಿಷ 30 ಸೆಕೆಂಡು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಇದನ್ನ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ರು. ಧಾಟಿಯ ವ್ಯತ್ಯಾಸ ಗೊತ್ತಾಗಲಿ ಅಂತ ಅವರು ಕೋರ್ಟ್ ಹಾಲಿನಲ್ಲೇ ಹಾಡಿ ತೋರಿಸಿದ್ದೂ ಆಯ್ತು. ಏಪ್ರಿಲ್ 2024ರಲ್ಲಿ ಅರ್ಜಿ ವಜಾ ಆಯ್ತು, ಇಂಥ ಆದೇಶ ಹೊರಡಿಸೋ ಅಧಿಕಾರ ಸರ್ಕಾರಕ್ಕಿದೆ ಅಂತ.

ಕಚೇರಿ, ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡಬೇಕಾದ ಗೀತೆಗೆ ಒಂದೇ ಧಾಟಿ ಬೇಕು ಅನ್ನೋದನ್ನ ನಾನು ಒಪ್ತೀನಿ. ಆದರೆ ಅಶ್ವತ್ಥ್ ಧಾಟಿ ಇದರಿಂದ ನಕಲಾಗಿಬಿಡಲ್ಲ, ಕಚೇರಿಯ ಧಾಟಿ ಆಗಲಿಲ್ಲ ಅಷ್ಟೇ. ಶಿಶುನಾಳ ಷರೀಫರ ಪದಗಳನ್ನ ನೋಡಿ. 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾದಲ್ಲಿ ಅಶ್ವತ್ಥ್ ಕೊಟ್ಟ ಸಂಗೀತ ಒಂದು ತಲೆಮಾರಿಗೆ ಷರೀಫರೇ ಹಾಡಿದ ಹಾಗೆ ಕೇಳಿಸ್ತು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಷರೀಫರನ್ನ ಗಿಟಾರು, ವಯೊಲಿನ್ ಜೊತೆ ತಂದಾಗ ಕಾಲೇಜು ಹುಡುಗರು ಕುಣಿದ್ರು. ಷರೀಫರು ತೀರಿಕೊಂಡಿದ್ದು 1889ರಲ್ಲಿ. ಇವರಿಬ್ಬರಲ್ಲಿ ಯಾರು ಕವರ್?

ನನಗೆ ಚಿಂತೆ ಇರೋದು ಬೇರೆ ಕಡೆ. ಇವತ್ತು ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ತುಣುಕಾಗಿ ಒಂದು ಭಾವಗೀತೆ ಬರುತ್ತೆ. ಹಾಡಿದ ಹುಡುಗಿಯ ದನಿ ಚೆನ್ನಾಗಿರುತ್ತೆ. ಕೆಳಗೆ ಅವಳ ಹೆಸರು, ವಿಡಿಯೋ ತೆಗೆದವರ ಹೆಸರು, ಸೀರೆ ಅಂಗಡಿಯ ಹೆಸರೂ ಇರುತ್ತೆ. ಕವಿಯ ಹೆಸರಿಲ್ಲ, ರಾಗ ಹಾಕಿದವರ ಹೆಸರಿಲ್ಲ. ಕೇಳಿದವರು ‘ಜಾನಪದ ಗೀತೆ, ಸೂಪರ್’ ಅಂತ ಬರೀತಾರೆ. ಹೀಗೆ ಹತ್ತು ವರ್ಷ ನಡೆದ್ರೆ ಅನಂತಸ್ವಾಮಿ ಧಾಟಿಯೂ ದಾಸರ ಧಾಟಿಯ ಹಾಗೆ ಯಾರದ್ದೂ ಅಲ್ಲದ್ದಾಗುತ್ತೆ. ದಾಸರ ಕಾಲದಲ್ಲಿ ಬರೆದಿಡೋಕೆ ಅನುಕೂಲ ಇರಲಿಲ್ಲ. ನಮಗೆ ಆ ನೆಪವೂ ಇಲ್ಲ.

ಅದಕ್ಕೇ ಆ ನಿರೂಪಕರ ನೋಟ್‌ಬುಕ್ಕು ನೆನಪಾಗೋದು. ಆ ಆರ್ಕೆಸ್ಟ್ರಾ ಒಂದೂ ಸ್ವಂತ ಹಾಡು ಮಾಡಲಿಲ್ಲ. ಇಡೀ ರಾತ್ರಿ ಇನ್ನೊಬ್ಬರ ಹಾಡನ್ನೇ ಹಾಡ್ತು. ಆದರೆ ಒಬ್ಬರ ಹೆಸರನ್ನೂ ನುಂಗಲಿಲ್ಲ. ಆಕಾಶವಾಣಿಯವರು ಪ್ರತಿ ಹಾಡಿಗೆ ಮಾಡ್ತಿದ್ದ ಕೆಲಸವನ್ನ ಅವರು ಬೀದಿಯಲ್ಲಿ, ಕರ್ಕಶ ಮೈಕಿನಲ್ಲಿ ಮಾಡಿದ್ರು. ನಾಲ್ಕು ಸಾವಿರ ಜನ ಇರಲಿ, ನಲವತ್ತು ಜನ ಇರಲಿ, ಮೊದಲು ಸಾಹಿತ್ಯ, ಸಂಗೀತ, ಮೂಲ ಗಾಯಕರು. ಆಮೇಲೆ ತಮ್ಮ ಹುಡುಗ.

ನಿಮ್ಮ ಬಡಾವಣೆಯಲ್ಲಿ ಈ ವರ್ಷ ಗಣೇಶನ ಮುಂದೆ ಯಾರಾದ್ರೂ ಹಾಡಿದ್ರೆ, ಅಥವಾ ನಿಮ್ಮ ಮನೆಯ ಹುಡುಗಿ ಒಂದು ಕವರ್ ಹಾಡಿ ಮೊಬೈಲಿಗೆ ಹಾಕಿದ್ರೆ, ಧೈರ್ಯವಾಗಿ ಹಾಡೋಕೆ ಹೇಳಿ. ಜೊತೆಗೆ ಎರಡು ಹೆಸರು ಸೇರಿಸೋಕೂ ಹೇಳಿ: ಬರೆದವರದ್ದು, ರಾಗ ಹಾಕಿದವರದ್ದು. ಐದು ಸೆಕೆಂಡಿನ ಕೆಲಸ.